ಟರ್ಬೈನಿನ ಪಕ್ಕ ಕೂತವಳು

ನಮ್ಮ ಅಕ್ಕ ದ್ರಾಕ್ಷಾಯಣಿ ಯಾರೆಂದು ಮುಂಡಗೋಡಿನಲ್ಲಿ ಕೇಳಿದರೆ, ಆ ಕಾರಿನವನ ಹೆಂಡತಿ ಅನ್ನುತ್ತಾರೆ. ಆ ಮಾತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರು ಅರ್ಧ ಅವಳದ್ದೇ. ಅದಕ್ಕಾಗಿ ಅವಳು ತೆತ್ತದ್ದು ಇವರಿಗೇನು ಗೊತ್ತು.

ಭಾವ ಶಿವಯೋಗಿ ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕರೆಂಟು ತಯಾರಿಸುವ ಟರ್ಬೈನು ನೋಡಿಕೊಳ್ಳುತ್ತಿದ್ದವರು. ಊರಿಗೆ ಮರಳುವ ಹೊತ್ತಿಗೆ ಅವರ ಕಿವಿ ಕೆಟ್ಟಿತ್ತು. ಜೋರಾಗಿ ಮಾತಾಡಿದರೆ ಕೇಳುತ್ತಿತ್ತು, ಸೀಟಿಯಂಥ ಚೂಪು ದನಿ ಮಾತ್ರ ಪೂರಾ ಹೋಗಿತ್ತು. ಜೊತೆಗೆ ಒಂದು ಹುಚ್ಚನ್ನೂ ತಂದರು. ಕಾರಿನ ಇಂಜಿನ್ನು ಏರುತ್ತ ಇಳಿಯುತ್ತ ಎಣ್ಣೆ ಹಾಳುಮಾಡುತ್ತದೆ. ಪುಟ್ಟ ಟರ್ಬೈನೊಂದನ್ನು ಒಂದೇ ವೇಗದಲ್ಲಿ ತಿರುಗಿಸಿ ಬ್ಯಾಟರಿ ತುಂಬಿಸಿದರೆ, ಗಾಲಿಯನ್ನು ಮೋಟಾರೇ ಎಳೆಯುತ್ತದೆ, ಎಣ್ಣೆ ಉಳಿಯುತ್ತದೆ ಎಂಬುದು ಅವರ ವಾದ. ಹಳೆಯ ಓಮ್ನಿ ವ್ಯಾನು ತಂದು ಇಂಜಿನ್ನು ಕಿತ್ತು, ಗುಜರಿ ಲಾರಿಯ ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೊದಿಂದ ಮಾಡಿದ ಟರ್ಬೈನನ್ನು ಅದರಲ್ಲಿ ಕೂರಿಸಿದರು.

ಮೊದಮೊದಲು ಅದು ಕಿತ್ತೊಗೆದ ಇಂಜಿನ್ನಿಗಿಂತ ಹೆಚ್ಚು ಕುಡಿಯಿತು. ಓಣಿಯವರು ನಕ್ಕರು, ನಾನೂ ನಕ್ಕೆ. ಹೊರಹೋಗುವ ಬಿಸಿಗಾಳಿಯನ್ನು ಕೊಳವೆಗಳಲ್ಲಿ ಹಾಯಿಸಿ ಒಳಬರುವ ಗಾಳಿಯನ್ನು ಕಾಯಿಸಿದ ಮೇಲೆ ಕುಡಿತ ಇಳಿಯಿತು. ಇನ್ನೂ ಇಳಿಯಬೇಕಾದರೆ ಟರ್ಬೈನು ಇನ್ನೂ ಜೋರಾಗಿ ತಿರುಗಬೇಕು. ಅದು ತಡೆಯುತ್ತದೋ ಇಲ್ಲವೋ ಎಂಬುದನ್ನು ಮೀಟರಿಗಿಂತ ಮೊದಲು ದನಿಯೇ ಹೇಳುತ್ತದೆ ಎಂದು ಭಾವ ನಂಬಿದ್ದರು. ಸೀಟಿಯಂಥ ಆ ದನಿಯೇ ಅವರಿಗೆ ಕೇಳುತ್ತಿರಲಿಲ್ಲ. ಅದಕ್ಕೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಸೀಟಿ ಬದಲಾದರೆ ಅವಳು ಕೈ ಎತ್ತಬೇಕು, ಅವರು ಎಣ್ಣೆ ನಿಲ್ಲಿಸಬೇಕು.

ಆ ಸದ್ದಿಗೆ ಓಣಿಯ ನಾಯಿಗಳು ಓಡಿಹೋಗುತ್ತಿದ್ದವು. ಅಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ವರ್ಷಗಟ್ಟಲೆ ಕೂತಳು. ನಾನು ಹುಬ್ಬಳ್ಳಿಯಿಂದ ಕಿವಿಗೆ ಹಾಕುವ ಮುಚ್ಚಳ ತಂದುಕೊಟ್ಟರೆ, ಇದನ್ನು ಹಾಕಿಕೊಂಡು ದನಿ ಹೇಗೆ ಗುರುತಿಸಲಿ ಎಂದು ಗೂಟಕ್ಕೆ ನೇತುಹಾಕಿದಳು.

ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಕುಕ್ಕರು ಒಂದೇ ಸಮ ಸೀಟಿ ಹೊಡೆಯುತ್ತಿತ್ತು. ಅಕ್ಕ ಅಲ್ಲೇ ಬೆನ್ನುಮಾಡಿ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನಿಂದ ಕೂಗಿದೆ, ತಿರುಗಲಿಲ್ಲ. ಭುಜ ಮುಟ್ಟಿದರೆ ಬೆಚ್ಚಿಬಿದ್ದಳು. ನಾನು ಬೈಯುವಾಗ ಅವಳು ನನ್ನ ಕಣ್ಣನ್ನಲ್ಲ, ತುಟಿಯನ್ನು ನೋಡುತ್ತಿದ್ದಳು.

"ಅವರಿಗೆ ಹೇಳಬ್ಯಾಡೋ ತಮ್ಮಾ," ಅಂದಳು. "ವ್ಯಾನಿನ ತಗಡಿನ ಮ್ಯಾಲೆ ಅಂಗೈ ಇಟ್ರ ನನಗ ತಿಳಿತೈತಿ. ನನ್ನ ಕಿವಿ ಹೋಗ್ಯಾವ ಅಂತ ಗೊತ್ತಾದ್ರ ಅದನ್ನ ಬಿಟ್ಟುಬಿಡ್ತಾರ. ಬಿಟ್ರ ಅವರು ಬದುಕಂಗಿಲ್ಲ."

ಹೇಳದೆ ಬಿಡುವವನು ನಾನಲ್ಲ. ಅಂದೇ ಭಾವನಿಗೆ ಕೂಗಿ ಹೇಳಿದೆ. ಅವರು ಅಕ್ಕನನ್ನು ಎದುರಿಗೆ ನಿಲ್ಲಿಸಿ, ನಿನಗೆ ಕೇಳುವುದಿಲ್ಲವೇ ಎಂದರು. ಅವಳು ಅವರ ತುಟಿ ನೋಡಿಕೊಂಡು ಎಲ್ಲಾ ಕೇಳುತ್ತದೆ ಎಂದಳು. ಬೆನ್ನು ಮಾಡಿಸಿ ಕೇಳ್ರಿ ಎಂದು ನಾನು ಹಟ ಹಿಡಿದರೆ, ಗಂಡ ಹೆಂಡಿರ ನಡುವೆ ನಿನಗೇನು ಕೆಲಸ ಎಂದು ನಕ್ಕುಬಿಟ್ಟರು. ಯಂತ್ರದ ಮಟ್ಟಿಗೆ ಅಷ್ಟು ಚುರುಕಾದ ಮನುಷ್ಯ ಹೆಂಡತಿಯ ಮಟ್ಟಿಗೆ ಶುದ್ಧ ದಡ್ಡ.

ಹೋದ ಬೇಸಿಗೆಯಲ್ಲಿ ಅತ್ತಿವೇರಿ ರಸ್ತೆಯ ಮೇಲೆ ವ್ಯಾನು ಹಳೆಯ ಇಂಜಿನ್ನಿಗಿಂತ ಕಡಿಮೆ ಎಣ್ಣೆಯಲ್ಲಿ ಓಡಿತು. ಭಾವ ನನ್ನ ಅಂಗಡಿಗೆ ಬಂದು ಪೇಡೆ ಕೊಟ್ಟರು. ಮರುದಿನ ಇನ್ನಷ್ಟು ವೇಗ ನೋಡೋಣವೆಂದು ಹಿತ್ತಲಲ್ಲಿ ಟರ್ಬೈನು ಹಚ್ಚಿದರು. ಅದು ತಿರುಗುತ್ತಿರುವಾಗಲೇ ಎಣ್ಣೆ ತುಂಬಲು ಹೋಗಿ, ಡಬ್ಬಿ ಜಾರಿ, ಡೀಸೆಲ್ ಬಿಸಿ ಕೊಳವೆಯ ಮೇಲೆ ಚೆಲ್ಲಿತು. ನಾನು ಗೇಟು ತೆಗೆಯುವಾಗ ಅವರ ಬಟ್ಟೆ ಹೊತ್ತಿಕೊಂಡಿತ್ತು. ಅಕ್ಕನ ಬೆನ್ನ ಹಿಂದೆ ನೆಲಕ್ಕೆ ಬಿದ್ದು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಆ ಕೂಗು ಯಂತ್ರದ ಕಿರುಚಾಟವನ್ನೂ ಮೀರಿ ಗೇಟಿನ ತನಕ ಕೇಳುತ್ತಿತ್ತು. ಅಕ್ಕ ಕಣ್ಣು ಮುಚ್ಚಿ, ತಗಡಿನ ಮೇಲೆ ಅಂಗೈ ಒತ್ತಿ ಕೂತಿದ್ದಳು. ಟರ್ಬೈನು ಸರಿಯಾಗಿಯೇ ತಿರುಗುತ್ತಿತ್ತು. ನಾನು ಗೋಣಿಚೀಲ ಹೊದಿಸಿ ಬೆಂಕಿ ಆರಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರ ಮುಖಕ್ಕೆಲ್ಲ ಬ್ಯಾಂಡೇಜು ಸುತ್ತಿದ್ದರು. ಕಣ್ಣೆರಡನ್ನು ಬಿಟ್ಟರೆ ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಅಕ್ಕ ಬಾಗಿ ನಿಂತಳು. ಬ್ಯಾಂಡೇಜಿನ ಒಳಗಿನಿಂದ ಭಾವ ಕೇಳಿದರು.

"ಅಷ್ಟು ಕರದೆ. ನಿನಗ ಕೇಳಸಲಿಲ್ಲೇನ?"

ಬಟ್ಟೆ ಅಲ್ಲಾಡಿದ್ದು ಅಕ್ಕನಿಗೆ ಕಂಡಿತು, ತುಟಿ ಕಾಣಲಿಲ್ಲ. ಇಷ್ಟು ವರ್ಷ ಅವರು ಏನು ಕೇಳಿದರೂ ಕೊಡುತ್ತಿದ್ದ ಉತ್ತರವನ್ನೇ ವಾರ್ಡಿಗೆಲ್ಲ ಕೇಳುವಷ್ಟು ಜೋರಾಗಿ ಕೊಟ್ಟಳು.

"ಹೂಂರಿ, ಎಲ್ಲಾ ಕೇಳಸ್ತೈತಿ."

ಭಾವ ಕಣ್ಣು ಮುಚ್ಚಿಕೊಂಡರು. ನಾನು ಅವರ ಕಿವಿಗೆ ಬಾಯಿಟ್ಟು, ನೀವು ಕರೆದದ್ದು ಅವಳಿಗೆ ಕೇಳಿಸಿಲ್ಲ, ಅವಳ ಕಿವಿ ಎಂದೋ ಹೋಗಿವೆ ಎಂದು ಕೂಗಿದೆ. ನರ್ಸು ಬಂದು ಎಳೆಯುವ ತನಕ ಕೂಗಿದೆ. ಅವರು ಮತ್ತೆ ಕಣ್ಣು ತೆರೆಯಲಿಲ್ಲ. ಮಂಚದ ಆಚೆ ನಿಂತಿದ್ದ ಅಕ್ಕ ನನ್ನ ತುಟಿಗಳನ್ನೇ ನೋಡುತ್ತಿದ್ದಳು.