ವೀರಭದ್ರಪ್ಪನವರ ಬೀಗರ ತಂತಿ

ಊರೂರು ತಿರುಗಿ ಕೇಬಲ್ ಹಾಕುತ್ತಿದ್ದ ವೀರಭದ್ರಪ್ಪನವರ ಸ್ಕೂಟರಿನ ಡಿಕ್ಕಿಯಲ್ಲಿ ಎರಡೂ ತುದಿಗೆ ಕೆಂಪು ಟೇಪು ಸುತ್ತಿದ ನೆಟ್‌ವರ್ಕ್ ಕೇಬಲ್ ಯಾವಾಗಲೂ ಇರುತ್ತಿತ್ತು. ಅಂಗಡಿಯವರು ಅದನ್ನು ಕ್ರಾಸ್‌ಓವರ್ ಎನ್ನುತ್ತಿದ್ದರು. ಇವರು ಬೀಗರ ತಂತಿ ಎನ್ನುತ್ತಿದ್ದರು.

ಕೊಪ್ಪಳದ ನಮ್ಮ ಪತ್ರಿಕಾ ಕಚೇರಿಗೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಕೂಡಿಸುವ ಒಂದು ಸ್ವಿಚ್ ಪೆಟ್ಟಿಗೆ ಸಾಲದಾದಾಗ, ಎರಡನೆಯದನ್ನು ಅದಕ್ಕೆ ಜೋಡಿಸಲು ಬಂದವರು ಅವರೇ. ಸಾದಾ ಕೇಬಲ್ ಯಾಕಾಗದು ಎಂದು ಕೇಳಿದೆ.

"ಕಂಪ್ಯೂಟರ್ ಮತ್ತ ಸ್ವಿಚ್ ಅಂದ್ರ ಸೊಸಿ, ಅತ್ತಿ ಇದ್ದಂಗ್ರಿ. ಒಬ್ಬರು ಹೇಳತಾರ, ಒಬ್ಬರು ಕೇಳತಾರ. ಎರಡು ಸ್ವಿಚ್ ಅಂದ್ರ ಬೀಗರು. ಇಬ್ಬರೂ ಒಂದ ಎಳಿ ಮ್ಯಾಲ ಮಾತಾಡತಾರ, ಯಾರೂ ಕೇಳಂಗಿಲ್ಲ. ಅದಕ್ಕ ಒಳಗ ಎಳಿ ಅದಲಿಬದಲಿ ಮಾಡಬೇಕು. ಇವರ ಬಾಯಿ ಅವರ ಕಿವಿಗೆ."

ಕೇಬಲಿನೊಳಗೆ ಎಂಟು ಎಳೆ. ಆಗಿನ ವೇಗಕ್ಕೆ ನಾಲ್ಕು ಸಾಕು. ಉಳಿದ ನಾಲ್ಕನ್ನು ಅವರು ಟೆಲಿಫೋನಿಗೆ ಬಳಸುತ್ತಿದ್ದರು. "ನಾಕು ದುಡೀತಾವ, ನಾಕು ಉಂಡು ಮಲಗತಾವ. ಎಬ್ಬಸಬೇಕಲ್ರಿ" ಎನ್ನುವರು. ಗಂಗಾವತಿಯ ಅಕ್ಕಿ ಗಿರಣಿಗಳಿಂದ ಯಲಬುರ್ಗಾದ ಕಚೇರಿಗಳವರೆಗೆ ಹೀಗೇ ಹಾಕಿದ್ದರು. ಯಾರೂ ದೂರಿರಲಿಲ್ಲ.

ದೂರಿದವರು ಒಬ್ಬರೇ, ಅದೂ ಬೇರೆ ವಿಷಯಕ್ಕೆ. ಕುಷ್ಟಗಿಯ ಕಾಲೇಜೊಂದರಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದ ಶೇಖರಪ್ಪ, ವೀರಭದ್ರಪ್ಪನವರ ಖಾಸಾ ಬೀಗರು, ಮಗಳ ಮಾವ. ಆ ಕಾಲೇಜಿನ ಕೇಬಲೂ ಇವರು ಹಾಕಿದ್ದೇ. ಹುಲಿಗಿಯಲ್ಲಿ ನಡೆದ ಮದುವೆಗೆ ಮೈಕು ಹಾಕಿದವರು ವೀರಭದ್ರಪ್ಪ. ಎರಡು ಸ್ಪೀಕರಿನಲ್ಲಿ ಒಂದು ಬಾಯಿ ಬಿಡಲಿಲ್ಲ. ಅದು ಗಂಡಿನವರ ಕಡೆಯದು. "ನಮ್ಮ ಬೀಗರದು ಅರ್ಧ ಕೆಲಸ" ಎಂದರು ಶೇಖರಪ್ಪ, ಪಂಕ್ತಿಗೆಲ್ಲ ಕೇಳುವಂತೆ. ಅಲ್ಲಿಂದ ಇಬ್ಬರ ನಡುವೆ ಮಾತಿಲ್ಲ.

ಕೆಲವು ವರ್ಷದ ಬಳಿಕ ನಮ್ಮಲ್ಲಿಗೆ ಹತ್ತು ಪಟ್ಟು ವೇಗದ ಗಿಗಾಬಿಟ್ ಸ್ವಿಚ್ ಬಂತು. ವೇಗ ಮಾತ್ರ ಹಳೆಯದೇ. ವೀರಭದ್ರಪ್ಪ ಕೇಬಲಿನ ತುದಿ ಬಿಚ್ಚಿ ಬಹಳ ಹೊತ್ತು ನೋಡಿದರು.

"ಇದಕ್ಕ ಎಂಟೂ ಬೇಕ್ರಿ" ಎಂದರು. ಆಮೇಲೆ, "ಕುಷ್ಟಗಿ ಕಾಲೇಜಿಗೂ ಇವ ಬಂದಾವೇನು?"

ಬಂದಿದ್ದವು. ಆ ಸುದ್ದಿ ಬರೆದವನು ನಾನೇ. ಸ್ವಿಚ್ ಸರಿಯಿಲ್ಲವೆಂದು ಕಾಲೇಜಿನವರು ವಾಪಸ್ ಕಳಿಸಲಿದ್ದಾರೆಂದೂ ತಿಳಿದಿತ್ತು; ಹೇಳಿದೆ. ವೀರಭದ್ರಪ್ಪ ಸುಮ್ಮನಿದ್ದರೆ ತಪ್ಪು ಸ್ವಿಚ್ಚಿನದೇ ಆಗಿ ಉಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಅವರು ಕುಷ್ಟಗಿಗೆ ಹೊರಟರು. ಹಿಂದಿನ ಸೀಟಿನಲ್ಲಿ ನಾನಿದ್ದೆ.

ಶೇಖರಪ್ಪ ಕಡತದಿಂದ ತಲೆ ಎತ್ತಲಿಲ್ಲ. ವೀರಭದ್ರಪ್ಪ ನಿಂತೇ ಹೇಳಿದರು: "ಸ್ವಿಚ್ ಕಳಸಬ್ಯಾಡ್ರಿ ಬೀಗರ. ಅದು ಛಲೋ ಐತಿ. ಎಂಟರಾಗ ನಾ ನಾಕ ಎಳಿ ಹಾಕೇನಿ. ಅರ್ಧ ಕೆಲಸ ನಂದ."

ಶೇಖರಪ್ಪ ಕನ್ನಡಕ ತೆಗೆದರು. "ಚಾ ಕುಡೀತೀರೇನು?"

"ಮೊದಲ ಎಂಟೂ ಹಾಕತೇನಿ."

ಹಾಕಿದರು, ಅದಲುಬದಲು ಮಾಡದೆ. ನಾನು ಕೆಂಪು ಟೇಪು ಎಲ್ಲಿ ಎಂದೆ. "ಈ ಹೊಸಾವಕ್ಕ ಬೇಕಾಗಿಲ್ರಿ. ಯಾರ ಹೇಳಬೇಕು, ಯಾರ ಕೇಳಬೇಕು ಅಂತ ತಾವ ನೋಡಕೋತಾವ. ನಮಗಿಂತ ಶಾಣ್ಯಾ ಅದಾವ."

ಪ್ರಯೋಗಾಲಯದಲ್ಲಿ ವೇಗ ಬಂತು. ಶೇಖರಪ್ಪನವರ ಮೇಜಿನ ಫೋನು ಸತ್ತಿತು. ಅದಕ್ಕೆ ಕೊಟ್ಟಿದ್ದ ನಾಲ್ಕು ಎಳೆ ಕಂಪ್ಯೂಟರಿಗೆ ವಾಪಸ್ ಹೋಗಿದ್ದವು.

"ಇದಕ್ಕೇನ್ರಿ?"

"ಬ್ಯಾರೆ ತಂತಿ. ನಾಳಿ ಬರತೇನಿ."

"ಊಟದ ಹೊತ್ತಿಗೆ ಬರ್ರಿ" ಎಂದರು ಶೇಖರಪ್ಪ.

ಮುಂದಿನ ಎರಡು ತಿಂಗಳು ವೀರಭದ್ರಪ್ಪ ತಾವು ಹಾಕಿದ ಕೇಬಲ್ ಇದ್ದಲ್ಲೆಲ್ಲ ಯಾರೂ ಕರೆಯದೆ ಹೋಗಿ ತುದಿ ಬದಲಿಸಿ ಬಂದರು. ನಮ್ಮ ಪತ್ರಿಕೆಯಾದರೋ ತನ್ನ ತಪ್ಪಿನ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕುತ್ತದೆ.

ವೀರಭದ್ರಪ್ಪ ತೀರಿಕೊಂಡ ಮರುವರ್ಷ ಕುಷ್ಟಗಿಯ ಆ ಕಾಲೇಜಿಗೆ ಹೋಗಿದ್ದೆ. ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಮೇಜಿನ ಫೋನು ತೆಗೆದು ಬಹಳ ದಿನವಾಗಿತ್ತು. ವೀರಭದ್ರಪ್ಪ ಅದಕ್ಕೆ ಹಾಕಿದ್ದ ಬೇರೆ ತಂತಿ ಮಾತ್ರ ಗೋಡೆಯ ಮೇಲೆ ಮೊಳೆಯಿಂದ ಮೊಳೆಗೆ ನೇರವಾಗಿ ಓಡಿತ್ತು. ಕೀಳಲೇ ಎಂದು ಬಣ್ಣದವನು ಕೇಳಿದ.

"ಇರಲಿ" ಎಂದರು ಶೇಖರಪ್ಪ. "ಅದರ ಮ್ಯಾಲ ಬಣ್ಣಾನೂ ಹಚ್ಚಬ್ಯಾಡ."