ಹಲ್ಲು ನೋಡಿ ಚೈನು ಕೊಡುತ್ತಿದ್ದ ಅಂಜಿನಪ್ಪಣ್ಣ

ಅಂಜಿನಪ್ಪಣ್ಣನ ಬಲಗೈ ಹೆಬ್ಬೆರಳಿನ ಉಗುರಿನಷ್ಟು ಕೊಳಕು ಉಗುರನ್ನು ನಾನು ಎಲ್ಲೂ ನೋಡಿಲ್ಲ. ಅದರಷ್ಟು ಬುದ್ಧಿಯಿರುವ ಉಗುರನ್ನೂ ನೋಡಿಲ್ಲ. ಕಣ್ಣು ಮುಚ್ಚಿಕೊಂಡು, ಸೈಕಲ್ಲಿನ ಹಿಂದಿನ ಚಕ್ರದ ಫ್ರೀವೀಲ್ ಹಲ್ಲುಗಳ ಮೇಲೆ ಅದನ್ನು ಒಂದು ಸುತ್ತು ಆಡಿಸಿದರೆ ತೀರ್ಪು ಹೊರಬೀಳುತ್ತಿತ್ತು. ತಮಿಳಿನವರಿಗೆ ‘ಪಲ್ಲು ಪೋಚ್ಚು’, ತೆಲುಗಿನವರಿಗೆ ‘ಪಳ್ಳು ಪೋಯಾಯಿ’, ನನಗೆ ‘ಅಲ್ಲು ಓಯ್ತು ಕಣ್ಲಾ ಪೋಸ್ಟು’. ನಾನು ಸುತ್ತಲ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಟಪಾಲು ಹಂಚುವವನು. ಆತನ ಬಾಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ.

ಚಿನ್ನದ ಗಣಿ ಮುಚ್ಚುವ ತನಕ ಆತ ಅಲ್ಲಿನ ವರ್ಕ್‌ಶಾಪಿನಲ್ಲಿದ್ದವನು. ಆಮೇಲೆ ಮೈಸೂರು ಮೈನ್ಸ್ ತಿರುವಿನಲ್ಲಿ ತಗಡು ಹೊದಿಸಿದ ಸೈಕಲ್ ರಿಪೇರಿ ಅಂಗಡಿ ಹಾಕಿದ. ಸಾದಾ ಸೈಕಲ್ಲಿನ ಅಗಲ ಚೈನುಗಳು ಒಂದು ಮೊಳೆಗೆ, ಗೇರ್ ಸೈಕಲ್ಲಿನ ಸಪೂರ ಚೈನುಗಳು ಇನ್ನೊಂದಕ್ಕೆ. ಬರೀ ಚೈನು ಕೇಳಿ ಬಂದವರಿಗೆ ಏನು ಮಾಡಿದರೂ ಕೊಡುತ್ತಿರಲಿಲ್ಲ. ಒಮ್ಮೆ ತುಂಡಾದ ಚೈನನ್ನು ಚೀಲದಲ್ಲಿಟ್ಟುಕೊಂಡು ಕೋರಮಂಡಲ್ ಬಡಾವಣೆಯಿಂದ ಉರಿಬಿಸಿಲಲ್ಲಿ ನಡೆದು ಹೋಗಿದ್ದೆ. ಮಹಾನುಭಾವ ಹಾಗೇ ವಾಪಸ್ ಕಳಿಸಿದ.

“ಒಂದು ಕಡೇರ ಜಾತಕ ತಂದ್ರೆ ಸಂಬಂಧ ಎಂಗ್ಲಾ ಕೂಡ್ಸಾದು? ಓಗು, ಸೈಕಲ್ ತಗಂಡ್ ಬಾ.”

ಬೈದುಕೊಳ್ಳುತ್ತ ಬಂದ ದಾರಿಗೇ ನಡೆದೆ. ಆದರೆ ಆತ ಹೇಳಿದ್ದು ಸತ್ಯ. ಚೈನೂ ಫ್ರೀವೀಲೂ ಕೂಡಿ ಸವೆಯುತ್ತವೆ. ಸವೆದ ಹಲ್ಲು ಕುಡುಗೋಲಿನ ಹಾಗೆ ಬಾಗುತ್ತದೆ. ಅದಕ್ಕೆ ಹೊಸ ಚೈನು ಹಾಕಿದರೆ ಸಮದಾರಿಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿದಾಗ ಚೈನು ಹಲ್ಲು ಬಿಟ್ಟು ಹಾರುತ್ತದೆ, ಪೆಡಲು ದಡಕ್ಕನೆ ಇಳಿಯುತ್ತದೆ, ಮನುಷ್ಯ ರಸ್ತೆಗೆ ಬೀಳುತ್ತಾನೆ. ಇದನ್ನೆಲ್ಲ ನನಗೆ ಹೇಳಿಕೊಟ್ಟವನೇ ಅಂಜಿನಪ್ಪಣ್ಣ.

ಒಂದು ದಿನ ಮಾತಾಡುತ್ತ ಕೂತಿದ್ದಾಗ ಆತನ ಬೀಡಿ ಉರಿಯುತ್ತ ಉರಿಯುತ್ತ ಬೆರಳಿಗೆ ಬಂತು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿದರೂ ಆತನ ಮಾತು ನಿಲ್ಲಲಿಲ್ಲ. ಬೀಡಿ ಕಿತ್ತೆಸೆದೆ.

“ಬೆರಳು ಸುಡ್ತೈತಲ್ಲಣ್ಣೋ!”

“ಎಲ್ಲಿ?” ಎಂದು ಕೈ ತಿರುಗಿಸಿ ನೋಡಿಕೊಂಡ. ಆಮೇಲೆ ನಕ್ಕ. “ಶುಗರ್ ಬಂದ್ಮ್ಯಾಲೆ ಬೆರಳು ವಸಿ ಮೊಂಡಾಗವೆ. ಕಬ್ಬಿಣ ಮುಟ್ಟಕ್ಕೇನು ತೊಂದ್ರೆ ಇಲ್ಲ ಬುಡು.”

ನಾನು ನಂಬಲಿಲ್ಲ. ನಂಬದೆಯೂ ಮರುವಾರ ಅದೇ ಕೈಗೆ ಸೈಕಲ್ ಕೊಟ್ಟೆ. ಬೇರೆಯವರಿಗೆ ಕೊಟ್ಟರೆ ನೊಂದುಕೊಳ್ಳುತ್ತಾನೆ ಎಂಬ ಹಾಳು ದಾಕ್ಷಿಣ್ಯ! ಎಂದಿನಂತೆ ಕಣ್ಣು ಮುಚ್ಚಿ ಉಗುರು ಆಡಿಸಿದ. ಕಣ್ಣು ಬಿಟ್ಟಿದ್ದರೆ ಕಾಣುತ್ತಿತ್ತು. “ಅಲ್ಲು ವಜ್ರದಂಗವೆ” ಎಂದು ಹೊಸ ಚೈನು ಹಾಕಿದ. ಎರಡನೆಯ ದಿನ ಬೇತಮಂಗಲದ ರಸ್ತೆಯ ಏರಿನಲ್ಲಿ ಬಿದ್ದು ಮೊಣಕೈ ಮುರಿದುಕೊಂಡೆ. ಚೆಲ್ಲಿದ ಕಾಗದಗಳ ನಡುವೆ ಕೂತು ಫ್ರೀವೀಲ್ ನೋಡಿದೆ. ಒಂದೊಂದು ಹಲ್ಲೂ ಬಾಗಿತ್ತು.

ಅಂಜಿನಪ್ಪಣ್ಣ ಮೂಸಂಬಿ ಹಿಡಿದುಕೊಂಡು ನೋಡಲು ಬಂದ. “ಎಂಗ್ಲಾ ಬಿದ್ದೆ?” ಎಂದು ನನ್ನ ಬಾಯನ್ನೇ ನೋಡುತ್ತ ನಿಂತ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಗಣಿಯೂ ಹೋಯಿತು. ಉಳಿದದ್ದು ಆ ಕೈಯೊಂದೇ. ಅದನ್ನು ನಾನು ಕಿತ್ತುಕೊಳ್ಳಲೇ?

“ನಾಯಿ ಅಡ್ಡ ಬಂತಣ್ಣ” ಎಂದೆ.

“ನಾಯಿನಾ? ಅಬ್ಬಾ, ಚೈನೇನೋ ಅಂದ್ಕಂಡು ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ ಕಣ್ಲಾ.” ಖುಷಿಯಿಂದ ಮೂಸಂಬಿ ಸುಲಿದುಕೊಟ್ಟ. ಕೈ ವಾಸಿಯಾಗುತ್ತಿದ್ದಂತೆ ನಾನು ಕದ್ದು ಬಂಗಾರಪೇಟೆಗೆ ಹೋಗಿ ಹೊಸ ಫ್ರೀವೀಲ್ ಹಾಕಿಸಿಕೊಂಡು ಬಂದೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ, ಮೂರ್ಖ.

ಅದಾಗಿ ಹದಿನೈದು ದಿನಕ್ಕೆ ಹಾಲಿನ ಪಾಪಣ್ಣ ಸತ್ತ. ಎರಡೂ ಕಡೆ ತುಂಬಿದ ಕ್ಯಾನು, ಅದೇ ಏರು, ಹಿಂದೆ ಲಾರಿ. ಹಿಂದಿನ ದಿನವಷ್ಟೇ ಅಂಜಿನಪ್ಪಣ್ಣ ಅವನ ಸೈಕಲ್ಲಿಗೆ ಹೊಸ ಚೈನು ಹಾಕಿದ್ದ.

ಅಂದು ಸಂಜೆ ಆತ ನೇರ ನಮ್ಮ ಮನೆಗೆ ಬಂದ. ಪಾಪಣ್ಣನ ಸೈಕಲ್ಲಿನ ಬಾಗಿದ ಹಲ್ಲು ನೋಡಿಕೊಂಡೇ ಬಂದಿದ್ದ. ನನ್ನನ್ನು ಮಾತಾಡಿಸದೆ ಜಗಲಿಯ ಪಕ್ಕ ನಿಂತಿದ್ದ ನನ್ನ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಈ ಸಲ ಕಣ್ಣು ಬಿಟ್ಟೇ ನೋಡಿದ. ಹೊಸ ಫ್ರೀವೀಲ್ ಫಳಫಳ ಹೊಳೆಯುತ್ತಿತ್ತು.

“ನಾಯಿ ಬಂದಿರ್ಲಿಲ್ಲ, ಅಲ್ವೇನಪ್ಪಾ?”

“ಇಲ್ಲಣ್ಣ” ಎಂದೆ.

“ನೀನೊಂದು ಮಾತು ಏಳಿದ್ರೆ ಆವತ್ತೇ ಅಂಗ್ಡಿ ಮುಚ್ತಿದ್ದೆ. ಪಾಪಣ್ಣ ಇವತ್ತೂ ಆಲು ತತ್ತಿದ್ದ.”

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗೋಡೆ ಹಿಡಿದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅಂಗಡಿ ಮತ್ತೆ ತೆಗೆಯಲಿಲ್ಲ. ಶುಗರ್ ಮಾತ್ರೆ ನುಂಗುವುದನ್ನೂ ಬಿಟ್ಟನಂತೆ. ನಾನು ಎರಡು ಸಲ ಬಾಗಿಲ ತನಕ ಹೋಗಿ, ಬಡಿಯಲು ಧೈರ್ಯವಾಗದೆ ತಿರುಗಿ ಬಂದೆ. ನಾಲ್ಕು ತಿಂಗಳಿಗೆ ತೀರಿಕೊಂಡ.

ಮಣ್ಣಿಗೆ ಹೋಗಿದ್ದೆ. ಜನ ಹೆಚ್ಚಿರಲಿಲ್ಲ. ನನ್ನ ಪಕ್ಕ ನಿಂತಿದ್ದವನು ಗುಂಡಿಯ ಕಡೆ ಕೈ ತೋರಿಸಿ, “ಪಾಪಣ್ಣನ್ನ ತಿಂದ್ಕಂಡೋನು ಇವನೇ” ಎಂದ. ಉಳಿದವರು ಹೌದೆಂದು ತಲೆಯಾಡಿಸಿ ನನ್ನ ಮುಖ ನೋಡಿದರು. ನಾನೂ ತಲೆಯಾಡಿಸಿದೆ.