ಅಕ್ಕನ ಚಾಕುವಿನ ಧಾರೆ

ಒದ್ದೆ ಕಲ್ಲಿಗೆ ಕಬ್ಬಿಣ ತಾಗಿದರೆ ಒಂದು ವಾಸನೆ ಬರುತ್ತದೆ. ನಿಮಗೆ ಅದು ಗೊತ್ತಿರಲಿಕ್ಕಿಲ್ಲ. ನನಗೂ ಅರವತ್ತು ದಾಟುವ ತನಕ ಗೊತ್ತಿರಲಿಲ್ಲ. ಹಳೆಯ ಬಾವಿಯ ರಾಟೆಯ ಹತ್ತಿರ ನಿಂತರೆ ಬರುವಂಥ ವಾಸನೆ, ಸ್ವಲ್ಪ ತುಕ್ಕು, ಸ್ವಲ್ಪ ಕೆಸರು. ಇವತ್ತು ಬೆಳಿಗ್ಗೆ ಮಹಾದೇವಿ ಚಾಕುಗಳ ಗಂಟನ್ನು ತಂದು ಕಟ್ಟೆಯ ಮೇಲೆ ಇಟ್ಟು ಹೋದಳು. ಕೈಗೆ ಕೊಡಲಿಲ್ಲ. ನಮ್ಮ ಕಡೆ ಚಾಕು, ಉಪ್ಪು, ಮೆಣಸಿನಕಾಯಿ ಇವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರಿಗೂ ಜಗಳ ಬೀಳುತ್ತದಂತೆ. ಕೆಳಗಿಟ್ಟೇ ಕೊಟ್ಟರೂ ಮಹಾದೇವಿಗೂ ನನಗೂ ದಿನಕ್ಕೊಂದು ಜಗಳ ತಪ್ಪಿದ್ದಿಲ್ಲ, ಆ ಮಾತು ಬೇರೆ. ಸಾಣೆಕಲ್ಲಿನ ಕೆಳಗಿನ ತಗಡಿನ ಡೋಣಿಗೆ ನೀರು ಹಾಕಿ, ಕಾಲಿನಿಂದ ಚಕ್ರ ತುಳಿಯುತ್ತ ಮೊದಲ ಚಾಕು ಹಿಡಿದೆ. ಆ ವಾಸನೆ ಎದ್ದಿತು, ಅಕ್ಕ ನೆನಪಾದಳು.

ಸಾಣೆ ಹಿಡಿಯುವುದು ನನ್ನ ಕುಲಕಸುಬೇನಲ್ಲ. ನಾನು ಬಸ್ಸಿನ ಕಂಡಕ್ಟರ್ ಆಗಿದ್ದವನು. ಆಳಂದದಿಂದ ಅಫಜಲಪುರ, ಅಫಜಲಪುರದಿಂದ ಜೇವರ್ಗಿ, ನಡುವೆ ಒಂದಷ್ಟು ವರ್ಷ ನರೋಣಾದ ಕಡೆಯ ಹಳ್ಳಿಗಳು. ಇಡೀ ಆಯುಷ್ಯ ನಿಂತುಕೊಂಡೇ ಪ್ರಯಾಣ ಮಾಡಿದೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ. "ಊರ ಮಂದಿಗೆಲ್ಲ ಟಿಕೀಟ ಹರದು ಕೊಟ್ಟಿ, ನಿನಗೊಂದು ಹರಕೊಳ್ಳಾಕ ಆಗ್ಲಿಲ್ಲಲ್ಲೋ ತಮ್ಮಾ" ಎಂದು ಅಕ್ಕ ಛೇಡಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಜೇವರ್ಗಿಯ ಬಾಡಿಗೆ ಕೋಣೆಯಲ್ಲಿ ಕೂತು ಕೂತು ಬೇಸತ್ತು, ನಾಲ್ಕು ದಿನ ಇದ್ದು ಬರೋಣವೆಂದು ಅಕ್ಕನ ಹತ್ತಿರ ಬಂದವನು ಹಿಂದಿರುಗಿ ಹೋಗಲೇ ಇಲ್ಲ. ಕೋಣೆಯ ಸಾಮಾನು ಮಾತ್ರ ಬಹಳ ದಿನ ಅಲ್ಲೇ ಉಳಿದಿತ್ತು.

ಅಕ್ಕ ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಗಂಡ ಸಣ್ಣ ವಯಸ್ಸಿನಲ್ಲೇ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತಾಟಿನ ಅಂಚಿಗೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯದ ಸೊಪ್ಪು. ಹವಳಗಾದ ಕಾರ್ಖಾನೆಗೆ ಕಬ್ಬು ಹೊತ್ತು ಹೋಗುವ ಲಾರಿಯವರು ದಾರಿ ಬಿಟ್ಟು ಒಳಗೆ ಬಂದು ಉಂಡು ಹೋಗುತ್ತಿದ್ದರು. ಊರೆಲ್ಲ ಅವಳನ್ನು 'ಅಕ್ಕಾರ' ಎಂದೇ ಕರೆಯುತ್ತಿತ್ತು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಮಹಾದೇವಿ ಆಗ ಅಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಈಗ ಖಾನಾವಳಿ ನಡೆಸುವವಳೂ ಅವಳೇ.

ಖಾನಾವಳಿಗೆ ಬಂದ ಹೊಸದರಲ್ಲಿ ನನಗೆ ಒಂದು ಕೆಲಸವೂ ಬರುತ್ತಿರಲಿಲ್ಲ. ರೊಟ್ಟಿ ತಟ್ಟಲು ಹೋದರೆ ಆಳಂದ ತಾಲ್ಲೂಕಿನ ನಕ್ಷೆ ಆಗುತ್ತಿತ್ತು. ಬಡಿಸಲು ನಿಂತರೆ ಹಳೆಯ ಚಾಳಿ ಬಿಡದೆ "ಮುಂದ ಸರೀರಿ, ಮುಂದ ಸರೀರಿ" ಎಂದು ಉಣ್ಣುವವರನ್ನೇ ಗದರಿಸುತ್ತಿದ್ದೆ. ಕೊನೆಗೆ ಅಕ್ಕ ನನ್ನನ್ನು ಹಿತ್ತಲ ಪಡಸಾಲೆಗೆ ಕರೆದೊಯ್ದು ಸಾಣೆಕಲ್ಲಿನ ಮುಂದೆ ಕೂರಿಸಿದಳು.

ಆ ಕಲ್ಲು ಅತನೂರಿನ ಒಬ್ಬ ಬಡಿಗೇರರ ಮನೆಯಲ್ಲಿ ಬಿದ್ದಿತ್ತು, ಉಳಿ ಮಸೆಯಲು ಇಟ್ಟುಕೊಂಡದ್ದು. ಅವರ ಮನೆಗೆ ಕರೆಂಟಿನ ಯಂತ್ರ ಬಂದ ಮೇಲೆ ಅಕ್ಕ ಇದನ್ನು ಟಂಟಂ ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದಳು. ಊಟದ ತಾಟಿನಷ್ಟು ಅಗಲದ ಗುಂಡುಕಲ್ಲು, ಮರದ ಚೌಕಟ್ಟು, ಕೆಳಗೆ ನೀರಿನ ಡೋಣಿ. ಕಲ್ಲು ತಿರುಗುವಾಗ ಅದರ ಕೆಳಗಿನ ಅಂಚು ನೀರಿನಲ್ಲಿ ಅದ್ದಿ ನೀರು ಹೊತ್ತುಕೊಂಡೇ ಮೇಲೆ ಬರುತ್ತದೆ. ಹೀಗಾಗಿ ಚಾಕು ಕಾಯುವುದಿಲ್ಲ. ಸೈಕಲ್ಲಿನ ಮೇಲೆ ಓಣಿ ಓಣಿ ತಿರುಗುವ ಸಾಣೆಯವರ ಒಣ ಚಕ್ರ ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. "ಕಿಡಿ ಹಾರ್ತಾವ, ನೋಡಾಕ ಛಂದ. ಆದ್ರ ಕಬ್ಬಿಣ ಸುಟ್ಟಿತಂದ್ರ ಸತ್ತಂಗನs. ಎರಡ ದಿನದಾಗ ಮೊಂಡ" ಎನ್ನುತ್ತಿದ್ದಳು. ಕಬ್ಬು ಕಡಿಯುವ ಗುಂಪಿನವರು ಗಡಿಯಾಚೆಯಿಂದ ಬಂದಾಗ ತಮ್ಮ ಕೊಯ್ತಾ ಕತ್ತಿಗಳನ್ನು ತಂದು ಹಲ್ಲು ಗಿಂಜಿಕೊಂಡು ನಿಲ್ಲುತ್ತಿದ್ದರು. ಇದು ಅಡುಗೆಮನೆಯ ಚಾಕುವಿನ ಕಲ್ಲು, ಕೊಯ್ತಾ ಹಿಡಿದರೆ ಗೆರೆ ಬೀಳುತ್ತದೆ ಎಂದು ಬೈದು, ಬೈದದ್ದಕ್ಕೆ ತಾನೇ ಮರುಗಿ, ರೊಟ್ಟಿ ಸುತ್ತಿ ಕೊಟ್ಟು ಕಳಿಸುತ್ತಿದ್ದಳು.

ಕಲಿಯುವುದು ಸುಲಭವಿರಲಿಲ್ಲ. ಕಾಲು ತುಳಿಯುವಾಗ ಕೈ ನಿಲ್ಲುತ್ತಿತ್ತು, ಕೈ ಆಡಿಸಿದರೆ ಕಾಲು ಮರೆಯುತ್ತಿತ್ತು. ಬೇಗ ಆಗಲಿ ಎಂದು ಗಟ್ಟಿಯಾಗಿ ಒತ್ತಿಬಿಡುತ್ತಿದ್ದೆ.

"ಯಾಕ ಹಂಗ ಒತ್ತಾಕತ್ತೀ? ಬಸ್ಸಿನ್ಯಾಗ ಮಂದಿ ತುಂಬೂಹಂಗ! ಹಗೂರ ಹಿಡಿಯೋ, ಕಲ್ಲಿಗೆ ತನ್ನ ಕೆಲಸ ಗೊತ್ತದ."

ಚಾಕುವಿನ ಬೆನ್ನನ್ನು ಕಲ್ಲಿನಿಂದ ತುಸುವೇ ಎತ್ತಿ, ಹಿಡಿಕೆಯ ಕಡೆಯಿಂದ ತುದಿಯವರೆಗೆ ಒಂದೇ ಓಟದಲ್ಲಿ ಎಳೆಯಬೇಕು. ನಡುವೆ ನಿಂತರೆ ಅಲ್ಲೊಂದು ಗುಳಿ ಬೀಳುತ್ತದೆ. ಒಂದು ಮಗ್ಗಲು ಸವೆದಾಗ ಇನ್ನೊಂದು ಮಗ್ಗಲಿಗೆ ಬೆರಳಿಗೆ ತೊಡರುವಂಥ ಕಬ್ಬಿಣದ ಸಣ್ಣ ಎಳೆ ಏಳುತ್ತದೆ. ಅದನ್ನು ಹಳೆಯ ಚರ್ಮದ ಬೆಲ್ಟಿಗೆ ತೀಡಿ ತೆಗೆಯಬೇಕು. ಕೆಲಸ ಮುಗಿದ ಮೇಲೆ ಡೋಣಿಯ ನೀರನ್ನು ಚೆಲ್ಲಲೇಬೇಕು. ಇದು ಎಲ್ಲಕ್ಕಿಂತ ದೊಡ್ಡ ಪಾಠ. ಚೆಲ್ಲದೆ ಬಿಟ್ಟರೆ ಮುಳುಗಿದ ಕಡೆಯಷ್ಟೇ ಕಲ್ಲು ನೆನೆದು ಮೆತ್ತಗಾಗುತ್ತದೆ. ಮರುದಿನ ಸಾಣೆ ಹಿಡಿದಾಗ ಅಲ್ಲಿ ಮಾತ್ರ ಹೆಚ್ಚು ಸವೆದು ಗುಂಡುಕಲ್ಲು ಸೊಟ್ಟಗಾಗುತ್ತದೆ. ಸೊಟ್ಟ ಕಲ್ಲಿನ ಮೇಲೆ ಚಾಕು ಕುಣಿಯುತ್ತದೆ. "ಕಲ್ಲ ನೀರ ಕುಡೀಲಿ, ಆದ್ರ ನೀರಾಗ ಮಲಕೋಬಾರ್ದು" ಎಂಬುದು ಅಕ್ಕನ ಮಾತು. ನಾನು ಮೊದಲ ತಿಂಗಳಲ್ಲೇ ಒಮ್ಮೆ ನೀರು ಬಿಟ್ಟು ಮಲಗಿದ್ದೆ. ಆಮೇಲೆ ತಿಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಖಾನಾವಳಿಯ ಎಲ್ಲ ಚಾಕುಗಳೂ ಕ್ರಮೇಣ ನನ್ನ ಕೈಗೆ ಬಂದವು, ಒಂದರ ಹೊರತು. ಅಕ್ಕ ದಿನಾ ಬಳಸುವ ಚಾಕುವನ್ನು ಅವಳೇ ಸಾಣೆ ಹಿಡಿಯುತ್ತಿದ್ದಳು. ವರ್ಷಾನುಗಟ್ಟಲೆ ಸವೆದು ಅದು ಬೇವಿನೆಲೆಯ ಹಾಗೆ ಸಪೂರವಾಗಿತ್ತು. ಅದರಿಂದ ಅವಳು ಉಳ್ಳಾಗಡ್ಡಿ ಹೆಚ್ಚುವುದನ್ನು ನೀವು ನೋಡಬೇಕಿತ್ತು. ಸದ್ದೇ ಇರುತ್ತಿರಲಿಲ್ಲ. ನಾನು ಒಮ್ಮೆ ಆಸೆಯಿಂದ ಕೈ ಚಾಚಿದೆ. "ಅದೊಂದು ಬಿಡು. ನಿನ್ನ ಕೈ ಇನ್ನಾ ತಿದ್ದಬೇಕು" ಎಂದಳು. ನನಗೆ ಸ್ವಲ್ಪ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ.

ಹೋದ ಬೇಸಿಗೆಯಲ್ಲಿ ಕೋಣೆಯ ಸಾಮಾನು ಖಾಲಿ ಮಾಡಲು ಜೇವರ್ಗಿಗೆ ಹೋಗಿ ಒಂದು ವಾರ ಅಲ್ಲೇ ಇದ್ದೆ. ತಿರುಗಿ ಬಂದ ಮರುದಿನ ಮುಂಜಾನೆ ಪಡಸಾಲೆಗೆ ಹೋದರೆ ಡೋಣಿಯ ತುಂಬ ಕೊಳೆತ ನೀರು. ಕಲ್ಲಿನ ಕೆಳಭಾಗ ಕಪ್ಪಾಗಿ ನೆನೆದಿತ್ತು. ಒಂದು ದಿನದ ನೀರಲ್ಲ ಅದು. ನಾನಿಲ್ಲದಾಗ ಆ ಕಲ್ಲಿನ ಮುಂದೆ ಕೂರುವವಳು ಅಕ್ಕ ಒಬ್ಬಳೇ. ಪಲ್ಯಕ್ಕೆ ಎರಡು ಸಲ ಉಪ್ಪು ಬೀಳುತ್ತಿದೆ ಎಂದು ಮಹಾದೇವಿ ಮೊದಲೇ ಪಿಸುಗುಟ್ಟಿದ್ದಳು. ವಯಸ್ಸು ಎಂದು ನಕ್ಕಿದ್ದೆ. ಆ ನೀರು ನೋಡಿದಾಗ ನಗು ಬರಲಿಲ್ಲ.

ಅಷ್ಟರಲ್ಲಿ ಅಕ್ಕ ತನ್ನ ಚಾಕು ಹಿಡಿದುಕೊಂಡು ಬಂದಳು.

"ಅಕ್ಕಾ, ಕಲ್ಲ ತೊಯ್ದದ. ಒಣಗಲಿ, ಆಮ್ಯಾಲ ಹಿಡಿಯೂಣು" ಎಂದೆ.

ಅವಳು ಡೋಣಿ ನೋಡಿದಳು, ನನ್ನನ್ನು ನೋಡಿದಳು. "ಯಾರ ಬಿಟ್ಟಾರ ಈ ನೀರ? ನೀನs ಅಲ್ಲೇನು?"

"ಹೌದಕ್ಕಾ, ನಾನs. ಮರತೆ."

"ಎಷ್ಟ ಸಲ ಹೇಳಬೇಕೋ ನಿನಗ? ತಲ್ಯಾಗ ಏನರ ಅದನೋ ಇಲ್ಲೋ?"

ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೈಸಿಕೊಂಡಿಲ್ಲ. ಬೈಯುವ ಶಕ್ತಿ ಇದ್ದರೆ ಉಳಿದದ್ದೂ ಇರುತ್ತದೆ ಎಂದು ಮನಸ್ಸು ತನಗೆ ತಾನೇ ಹೇಳಿಕೊಳ್ಳುತ್ತಿತ್ತು. ಅವಳು ಕೂತು ಚಕ್ರ ತುಳಿದಳು. ಸೊಟ್ಟಗಾದ ಕಲ್ಲಿನ ಮೇಲೆ ಚಾಕು ಕಟ ಕಟ ಎಂದು ಕುಣಿಯಿತು. ಅವಳಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿಯೂ ಹಟ ಹಿಡಿದಳೋ ತಿಳಿಯದು. ಕೊನೆಗೆ ಹೆಬ್ಬೆರಳಿನಿಂದ ಅಂಚು ಮುಟ್ಟಿ ನೋಡಿ, ತಲೆಯಾಡಿಸಿ, ಸೆರಗಿನಿಂದ ಒರೆಸಿದಳು. ಆ ಚಾಕುವಿಗೆ ಅವಳು ಸಾಣೆ ಹಿಡಿದದ್ದು ಅದೇ ಕೊನೆ.

ಕಲಬುರಗಿಯ ಡಾಕ್ಟರು ತಲೆಯ ಫೋಟೋ ತೆಗೆಸಿ, ಮೆದುಳಿನಲ್ಲಿ ಗಂಟು ಬೆಳೆದಿದೆ ಎಂದರು. ಶ್ರಾವಣ ಮುಗಿಯುವಷ್ಟರಲ್ಲಿ ಅಕ್ಕನನ್ನು ಮಣ್ಣಿಗೆ ಕೊಟ್ಟು ಬಂದೆವು. ಕೊನೆಯ ದಿನಗಳಲ್ಲಿ ಅವಳು ನನ್ನ ಹೆಸರು ಮರೆತಿದ್ದಳು. 'ತಮ್ಮಾ' ಅನ್ನುವುದನ್ನೂ ಮರೆತಿದ್ದಳು.

ಕೆಲವು ವಾರಗಳ ನಂತರ ಕಲ್ಲಿನ ಮೇಲೆ ಹೊದಿಸಿದ್ದ ಗೋಣಿಚೀಲ ತೆಗೆದೆ. ಗಟ್ಟಿ ಕಬ್ಬಿಣದ ಪೈಪಿನ ತುಂಡನ್ನು ತಿರುಗುವ ಕಲ್ಲಿಗೆ ಒತ್ತಿ ಹಿಡಿದು, ಎದ್ದ ಭಾಗವನ್ನೆಲ್ಲ ಸವೆಸಿ, ಮತ್ತೆ ಗುಂಡಗೆ ಮಾಡಿದೆ. ಖಾನಾವಳಿಯ ಚಾಕುಗಳನ್ನು ಹಿಡಿದುಕೊಟ್ಟೆ. ಅಕ್ಕನ ಚಾಕುವನ್ನು ಮಾತ್ರ ಅವಳ ಹಳೆಯ ಇಳಕಲ್ ಸೀರೆಯ ಚೂರಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟೆ. ನೋಡಿ, ಸಾಣೆ ಹಿಡಿಯುವುದೆಂದರೆ ಧಾರೆಯನ್ನು ಸೇರಿಸುವುದಲ್ಲ, ಕಬ್ಬಿಣವನ್ನು ತೆಗೆಯುವುದು. ಹೊಸ ಧಾರೆ ಬರಬೇಕಾದರೆ ಹಳೆಯದು ನೀರು ಪಾಲಾಗಬೇಕು. ಅಕ್ಕ ಮಾಡಿದ ರೊಟ್ಟಿ ಆಗಿಂದಾಗಲೇ ಮುಗಿಯುತ್ತಿತ್ತು. ಅವಳು ಕುಟ್ಟಿಟ್ಟ ಶೇಂಗಾ ಹಿಂಡಿ ಒಂದು ತಿಂಗಳು ಬಂತು, ಡಬ್ಬಿಯ ತಳ ಬೆರಳಿನಿಂದ ಸವರಿ ತಿಂದೆ. ಅವಳ ಕೈ ಮಾಡಿಟ್ಟದ್ದರಲ್ಲಿ ಉಳಿದದ್ದು ಆ ಧಾರೆ ಒಂದೇ. ಅದರಿಂದ ಒಂದು ಸೌತೆಕಾಯಿ ಹೆಚ್ಚಿದರೂ ಅಷ್ಟು ಅಕ್ಕ ಕಡಿಮೆಯಾಗುತ್ತಾಳೆ ಎಂದು ಅನ್ನಿಸುತ್ತಿತ್ತು. ಹುಚ್ಚು ಎನ್ನುತ್ತೀರಿ. ಇರಬಹುದು.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಸೀಮೆಯಲ್ಲಿ ಆ ದಿನ ಎಲ್ಲರೂ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನು ಚರಗವೆಂದು ಬೆಳೆಗೆ ಚೆಲ್ಲಿ, ಅಲ್ಲೇ ಉಣ್ಣುತ್ತಾರೆ. ಸಜ್ಜೆ ರೊಟ್ಟಿಯ ಜೊತೆಗೆ ಭಜ್ಜಿ ಆಗಬೇಕು. ಸಿಕ್ಕ ಸೊಪ್ಪು, ಸಿಕ್ಕ ಕಾಯಿ, ಹಸಿ ಕಾಳು ಎಲ್ಲ ಹಾಕಿ ಕುದಿಸುವ ಪಲ್ಯ ಅದು. ಹಿಂದಿನ ದಿನ ಹೆಂಗಸರ ಮುಂದೆ ಸೊಪ್ಪಿನ ಬಣವೆಯೇ ಇರುತ್ತದೆ. ಹೊಲ ಇಲ್ಲದವರಿಗೂ ಬಸ್ಸಿನವರಿಗೂ ಖಾನಾವಳಿಯಲ್ಲಿ ಭಜ್ಜಿ ಮಾಡಿ ಬಡಿಸುವ ಪದ್ಧತಿಯನ್ನು ಅಕ್ಕ ಹಾಕಿದ್ದಳು. ಮಹಾದೇವಿ ಅದನ್ನು ಬಿಟ್ಟಿರಲಿಲ್ಲ. ಹಬ್ಬದ ಹಿಂದಿನ ದಿನ ಸೊಪ್ಪಿನ ರಾಶಿ ಹಾಕಿಕೊಂಡು ನನ್ನನ್ನು ಕರೆದಳು.

"ಅಣ್ಣಾರ, ಅಕ್ಕಾರ ಚಾಕು ತೆಗೀರಿ. ಇಷ್ಟು ಮೆಂತೆ, ಚಕ್ಕೋತ ಸೊಪ್ಪ ಈ ಜಡ ಚಾಕುದಾಗ ಆಗೂದಿಲ್ರಿ."

"ಅದೊಂದು ಬಿಡವಾ."

"ಯಾಕ್ರಿ?"

ಹೇಳಿದೆ. ಅವಳ ಕೈಯದ್ದು ಆ ಧಾರೆ ಒಂದೇ ಉಳಿದಿದೆ ಎಂದೆ. ಅವಳು ನಗಲಿಲ್ಲ. ಒಳಗೆ ಹೋಗಿ ಪೆಟ್ಟಿಗೆಯಿಂದ ಗಂಟು ತಂದು, ಸೀರೆಯ ಚೂರು ಬಿಚ್ಚಿ, ಚಾಕುವನ್ನು ಬಾಗಿಲಿನ ಬೆಳಕಿಗೆ ಅಡ್ಡ ಹಿಡಿದಳು. ಬಹಳ ಹೊತ್ತು ನೋಡಿದಳು. ನಂತರ ಅದನ್ನು ನನ್ನ ಮುಂದೆ ನೆಲದ ಮೇಲೆ ಇಟ್ಟಳು.

"ನೀವ ನೋಡ್ರಿ ಅಣ್ಣಾರ. ಅಂಚು ಹ್ಯಾಂಗ ಏರಿಳದದ. ನಡುವ ಎರಡ ಕಡೆ ಗುಳಿ. ಇದು ಅಕ್ಕಾರ ಕೈ ಏನ್ರಿ?" ಅವಳು ಬೆರಳಿನಿಂದ ಗುಳಿ ತೋರಿಸಿದಳು. "ಇದು ಅವರ ಕೈ ಅಲ್ರಿ. ಇದು ಅವರ ಬ್ಯಾನಿ. ಬ್ಯಾನಿ ಯಾಕ್ರಿ ಜ್ವಾಕಿ ಮಾಡ್ತೀರಿ?"

ನಾನು ಎತ್ತಿಕೊಂಡು ನೋಡಿದೆ. ಇಷ್ಟು ದಿನ ನೂರು ಸಲ ನೋಡಿದ್ದೆ, ಆದರೆ ಚಾಕು ನೋಡಿರಲಿಲ್ಲ, ಅಕ್ಕನನ್ನು ನೋಡಿದ್ದೆ. ಧಾರೆ ಅಲೆ ಅಲೆಯಾಗಿತ್ತು. ಕಟ ಕಟ ಎಂದು ಕುಣಿದಲ್ಲೆಲ್ಲ ಒಂದೊಂದು ಗಾಯ. ನಾನು ಇಂಥ ಚಾಕು ತಂದು ತೋರಿಸಿದ್ದರೆ ಅಕ್ಕ ನನ್ನ ಕಣ್ಣೆದುರೇ ಅದನ್ನು ಹಿತ್ತಲಿಗೆ ಎಸೆಯುತ್ತಿದ್ದಳು. ಅವಳಿಗೆ ನಾಚಿಕೆ ಆಗುವಂಥದ್ದನ್ನು ನಾನು ಅವಳದೆಂದು ಸೀರೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ.

ಡೋಣಿಗೆ ನೀರು ಹಾಕಿದೆ. ಮಹಾದೇವಿ ಹೋಗಲಿಲ್ಲ, ಹೊಸ್ತಿಲ ಮೇಲೆ ಕೂತು ಸೊಪ್ಪು ಸೋಸುತ್ತ ಇದ್ದಳು. ಹಗುರವಾಗಿ ಹಿಡಿದೆ. ಒಂದೊಂದು ಓಟಕ್ಕೂ ಬೂದು ಬಣ್ಣದ ಕೆಸರು ಕಲ್ಲಿನಿಂದ ಇಳಿದು ನೀರಿಗೆ ಬೀಳುತ್ತಿತ್ತು. ಅದರಲ್ಲಿ ಅಕ್ಕನ ಕಾಯಿಲೆ ಇತ್ತು, ಅಕ್ಕನ ಬೆರಳೂ ಇತ್ತು. ಬೇರೆ ಬೇರೆ ಮಾಡಲು ಬರುವಂತಿರಲಿಲ್ಲ. ಅಳು ಬಂತು. ಅಳುತ್ತಲೇ ತುಳಿದೆ, ನಿಲ್ಲಿಸಿದರೆ ಗುಳಿ ಬೀಳುತ್ತದೆ. ಗುಳಿಗಳು ತುಂಬ ಆಳವಿದ್ದವು. ಅಂಚು ನೇರವಾಗುವಷ್ಟರಲ್ಲಿ ಚಾಕು ಇನ್ನೂ ಸಪೂರವಾಗಿತ್ತು. ಅಂದು ಮಧ್ಯಾಹ್ನ ಮಹಾದೇವಿ ಅದರಿಂದ ಸೊಪ್ಪು ಹೆಚ್ಚಿದಳು. ನಾನು ಅಲ್ಲಿ ನಿಲ್ಲಲಾರದೆ ಬಸ್ ಸ್ಟ್ಯಾಂಡಿಗೆ ಹೋಗಿ, ಯಾವ ಊರಿಗೂ ಹೋಗದೆ, ಬೆಂಚಿನ ಮೇಲೆ ಕೂತು ಬಂದೆ.

ಅದಾಗಿ ಒಂದು ವಾರವಾಯಿತು. ಇವತ್ತಿನ ಗಂಟು ಬಿಚ್ಚಿ, ಒಂದೊಂದೇ ಚಾಕು ತೆಗೆದು ಹಿಡಿಯುತ್ತಿದ್ದೆ. ಉಳ್ಳಾಗಡ್ಡಿಯ ಸಿಪ್ಪೆ ಅಂಟಿದ ಚಾಕುವೊಂದು ಕೈಗೆ ಬಂತು, ಪೂರ್ತಿ ಮೊಂಡಾಗಿತ್ತು. ಒರೆಸಿ, ಎರಡು ಓಟ ಎಳೆದೂ ಬಿಟ್ಟೆ. ಆಮೇಲೆ ಅದರ ಸಪೂರ ನೋಡಿ ತಿಳಿಯಿತು, ಅದು ಅಕ್ಕನದು.

ಕಾಲು ನಿಂತುಬಿಟ್ಟಿತು. ಗುರುತು ಹಿಡಿಯದೆ ಹೋದೆನಲ್ಲ, ಇಷ್ಟು ಬೇಗ. ಅವಳು ಸತ್ತ ದಿನವೂ ಅವಳು ಹೋದಳೆಂದು ನನಗೆ ಇಷ್ಟು ಗೊತ್ತಾಗಿರಲಿಲ್ಲ. ಕಲ್ಲು ತನ್ನ ಪಾಡಿಗೆ ಇನ್ನೊಂದು ಸುತ್ತು ತಿರುಗಿ ನಿಂತಿತು. ಖಾನಾವಳಿಯಿಂದ ಮಹಾದೇವಿ ಕೂಗಿದಳು, "ಅಣ್ಣಾರ, ಮಂದಿ ಬರಾಕತ್ತಾರ, ಒಂದರ ಚಾಕು ಲಗೂನ ಕೊಡ್ರಿ!" ಇನ್ನೊಂದು ಮಗ್ಗಲು ಮುಗಿಸಿ, ಬೆಲ್ಟಿಗೆ ತೀಡಿ, ಒಯ್ದು ಅವಳ ಮುಂದೆ ಇಟ್ಟೆ. ಯಾರ ಚಾಕು ಎಂದು ಅವಳು ನೋಡಲಿಲ್ಲ. ನಾನೂ ಹೇಳಲಿಲ್ಲ.